ಅತ್ತೆಯ ಜೊತೆ ಮಾಲ್ಡೀವ್ಸ್: ವೀಸಾ, ಕಸ್ಟಮ್ಸ್, ಬ್ಯಾಗಿನಲ್ಲಿ ಏನು ಇರಬಾರದು?

ಬೆಣ್ಣೆದೋಸೆ ದಾವಣಗೆರೆ:

ಎಲ್ಲರಿಗೂ ನಮಸ್ಕಾರ. ಏಪ್ರಿಲ್‌ನಲ್ಲಿ ಮಗಳ ಶಾಲೆಗೆ ರಜೆ ಬಿದ್ದ ಮೇಲೆ ಮಾಲ್ಡೀವ್ಸ್‌ಗೆ ಹೊರಟಿದ್ದೇವೆ. ನಾಲ್ಕು ರಾತ್ರಿ. ನಾನು, ಯಜಮಾನರು, ಆರು ವರ್ಷದ ಮಗಳು, ನಮ್ಮ ಅತ್ತೆ. ಮೈದುನ ನೈರೋಬಿಯಲ್ಲಿ ಕೆಲಸದಲ್ಲಿದ್ದಾನೆ, ಅವನು ಅಲ್ಲಿಂದ ನೇರ ಮಾಲೆಗೆ ಬಂದು ಆಮೇಲೆ ನಮ್ಮ ಜೊತೆಗೇ ಬೆಂಗಳೂರಿಗೆ ಬರುತ್ತಾನೆ. ಎಲ್ಲರದ್ದೂ ಭಾರತದ ಪಾಸ್‌ಪೋರ್ಟೇ.

ಇಲ್ಲಿಯ ಒಬ್ಬ ಏಜೆಂಟ್ "ಇ-ವೀಸಾ ಮಾಡಿಸಬೇಕು, ತಲೆಗೆ 1,500 ರೂಪಾಯಿ" ಅನ್ನುತ್ತಿದ್ದಾರೆ. ನನ್ನ ಗೆಳತಿ ವೀಸಾನೇ ಬೇಡ ಅನ್ನುತ್ತಾಳೆ. ಯಾರ ಮಾತು ನಂಬೋದು?

ಇನ್ನೊಂದು, ಅತ್ತೆಯ ಪಾಸ್‌ಪೋರ್ಟ್ ಆಗಸ್ಟ್‌ಗೆ ಮುಗಿಯುತ್ತದೆ, ಅದರಲ್ಲಿ ಇಸಿಆರ್ (ವಲಸೆ ತಪಾಸಣೆ ಬೇಕು) ಅಂತ ಬೇರೆ ಮುದ್ರೆ ಇದೆ. ಅವರಿಗೆ ಮಂಡಿನೋವು, ಬಿಪಿ, ರಾತ್ರಿ ನಿದ್ದೆಗೆ ಒಂದು ಮಾತ್ರೆ. ಜೊತೆಗೆ ಎಲ್ಲಿಗೆ ಹೋದರೂ ಒಂದು ಪುಟ್ಟ ಬೆಳ್ಳಿ ಗಣಪತಿ ಅವರ ಕೈಚೀಲದಲ್ಲಿ ಇರಲೇಬೇಕು, ಬೆಳಿಗ್ಗೆ ಸ್ನಾನ ಆದ ಮೇಲೆ ಅದಕ್ಕೆ ಒಂದು ಹೂವು ಏರಿಸದೆ ಕಾಫಿ ಕೂಡ ಕುಡಿಯುವುದಿಲ್ಲ. ಮಾಲ್ಡೀವ್ಸ್‌ನಲ್ಲಿ ದೇವರ ವಿಗ್ರಹ ಬಿಡುವುದಿಲ್ಲ ಅಂತ ಎಲ್ಲೋ ಓದಿದೆ. ನಿಜಾನಾ? ಅವರಿಗೆ ಹೇಗೆ ಹೇಳೋದು ಅಂತಲೇ ಗೊತ್ತಾಗುತ್ತಿಲ್ಲ. ಹೋಗಿ ಬಂದವರು, ಅಲ್ಲೇ ಇರುವವರು ಯಾರಾದರೂ ಸ್ವಲ್ಪ ಬಿಡಿಸಿ ಹೇಳಿ.

ಟಿಕೆಟ್ ಗುಬ್ಬಿ:

ನಾನು ಟ್ರಾವೆಲ್ಸ್ ಲೈನಿನವನೇ, ಆದರೂ ಹೇಳುತ್ತೇನೆ, ಆ 1,500 ಕೊಡಬೇಡಿ ಮೇಡಂ. ಮಾಲ್ಡೀವ್ಸ್‌ಗೆ ಪ್ರವಾಸಕ್ಕೆ ಹೋಗುವವರು ಮುಂಚೆ ವೀಸಾ ಮಾಡಿಸುವ ಪದ್ಧತಿಯೇ ಇಲ್ಲ. ಹೆಚ್ಚುಕಮ್ಮಿ ಎಲ್ಲಾ ದೇಶದವರಿಗೂ ಇಳಿದ ಮೇಲೆ 30 ದಿನಕ್ಕೆ ಮುದ್ರೆ ಒತ್ತುತ್ತಾರೆ, ದುಡ್ಡಿಲ್ಲ. ನಮ್ಮವರಿಗೆ ಇನ್ನೂ ಜಾಸ್ತಿ. 2018ರ ಡಿಸೆಂಬರ್‌ನಲ್ಲಿ ಎರಡೂ ದೇಶಗಳು ಒಪ್ಪಂದ ಮಾಡಿಕೊಂಡವು, 2019ರ ಮಾರ್ಚ್ 11ರಿಂದ ಅದು ಜಾರಿಯಲ್ಲಿದೆ. ಅದರ ಪ್ರಕಾರ ಭಾರತೀಯರು 90 ದಿನದವರೆಗೆ ವೀಸಾ ಇಲ್ಲದೆ ಇರಬಹುದು. ಅಲ್ಲಿ ಕೆಲಸ ಮಾಡುವ ಹಾಗಿಲ್ಲ ಅಷ್ಟೇ.

ನಿಮ್ಮ ಏಜೆಂಟ್ "ಇ-ವೀಸಾ" ಅನ್ನುತ್ತಿರುವುದು ಬಹುಶಃ ಇಮುಗಾ ಫಾರಂ. ಅದು ಪ್ರಯಾಣಿಕರು ತುಂಬುವ ಘೋಷಣೆ, ವೀಸಾ ಅಲ್ಲ. ವಿಮಾನ ಹೊರಡುವ ಮೊದಲಿನ 96 ಗಂಟೆಯೊಳಗೆ ಆನ್‌ಲೈನ್‌ನಲ್ಲಿ ನೀವೇ ತುಂಬಬೇಕು, ಪೂರ್ತಿ ಉಚಿತ. ಪಾಸ್‌ಪೋರ್ಟಿನ ವಿವರ, ಒಂದು ಫೋಟೊ, ವಿಮಾನದ ನಂಬರ್, ಉಳಿಯುವ ಜಾಗ, ಇಷ್ಟೇ. ಕೊನೆಗೆ ಒಂದು ಕ್ಯೂಆರ್ ಕೋಡ್ ಬರುತ್ತದೆ. ಬೆಂಗಳೂರಿನಲ್ಲಿ ಚೆಕ್‌ಇನ್ ಕೌಂಟರಿನಲ್ಲೇ ಅದನ್ನು ಕೇಳುತ್ತಾರೆ, ಆದ್ದರಿಂದ ಸ್ಕ್ರೀನ್‌ಶಾಟ್ ತೆಗೆದಿಟ್ಟುಕೊಳ್ಳಿ. ಮಗಳಿಗೂ ಬೇರೆಯಾಗಿ ತುಂಬಬೇಕು. ಗೂಗಲ್‌ನಲ್ಲಿ ಹುಡುಕಿದರೆ ಮೊದಲು ಬರುವುದೇ ದುಡ್ಡು ಕೀಳುವ ಸೈಟುಗಳು, ನೋಡೋಕೆ ಥೇಟ್ ಸರ್ಕಾರಿ ಸೈಟ್ ತರಹವೇ ಇರುತ್ತವೆ. ವಿಳಾಸದ ಕೊನೆಯಲ್ಲಿ ಡಾಟ್ ಗವ್ ಡಾಟ್ ಎಂವಿ ಅಂತ ಇದೆಯಾ ನೋಡಿ. ಕಾರ್ಡ್ ನಂಬರ್ ಕೇಳಿದರೆ ಆ ಕ್ಷಣವೇ ಮುಚ್ಚಿ ಹೊರಗೆ ಬನ್ನಿ.

ವಾಪಸ್ ಬರುವಾಗಲೂ ಹೀಗೇ ಇನ್ನೊಂದು ಸಲ ತುಂಬಬೇಕು. ಇದನ್ನು ತುಂಬಾ ಜನ ಮರೆಯುತ್ತಾರೆ, ಏರ್‌ಪೋರ್ಟಿನಲ್ಲಿ ಟ್ರಾಲಿ ಮೇಲೆ ಕೂತು ವೈಫೈ ಹುಡುಕುತ್ತಿರುತ್ತಾರೆ.

ಇಸಿಆರ್ ಬಗ್ಗೆ ತಲೆ ಕೆಡಿಸಿಕೊಳ್ಳಬೇಡಿ. ಅದು ಕೊಲ್ಲಿ ದೇಶ, ಮಲೇಷ್ಯಾ ತರಹದ 18 ದೇಶಗಳಿಗೆ ಕೆಲಸಕ್ಕೆ ಹೋಗುವವರಿಗೆ. ಮಾಲ್ಡೀವ್ಸ್ ಆ ಪಟ್ಟಿಯಲ್ಲೂ ಇಲ್ಲ, ಅತ್ತೆ ಕೆಲಸಕ್ಕೂ ಹೋಗುತ್ತಿಲ್ಲ. ಪಾಸ್‌ಪೋರ್ಟಿನ ಅವಧಿ ವಿಷಯದಲ್ಲಿ ಮಾಲ್ಡೀವ್ಸ್ ಕೇಳುವುದು ಒಂದು ತಿಂಗಳು ಮಾತ್ರ. ಆದರೆ ಆರು ತಿಂಗಳು ಇರಬೇಕು ಅಂತ ತಲೆಯಲ್ಲಿ ಕೂತುಬಿಟ್ಟಿರುವ ಕೌಂಟರ್ ಸಿಬ್ಬಂದಿ ಎಲ್ಲಾ ಕಡೆ ಇದ್ದಾರೆ. ಬೆಳಗಿನ ಜಾವ ಅವರ ಜೊತೆ ವಾದ ಮಾಡುವ ಬದಲು, ಇನ್ನೂ ಟೈಮ್ ಇದೆ ಅಲ್ವಾ, ರಿನ್ಯೂ ಮಾಡಿಸಿಬಿಡಿ. ಹೇಗಿದ್ದರೂ ಆಗಸ್ಟ್‌ಗೆ ಮಾಡಿಸಲೇಬೇಕು.

ಹುಲ್ಹುಮಾಲೆ ಮೇಷ್ಟ್ರು:

ನಾನು ಇಲ್ಲೇ, ಮಾಲೆ ಪಕ್ಕದ ಹುಲ್ಹುಮಾಲೆ ದ್ವೀಪದಲ್ಲಿ, ಶಾಲೆಯಲ್ಲಿ ಪಾಠ ಮಾಡಿಕೊಂಡು ಇದ್ದೇನೆ. ಗುಬ್ಬಿಯವರು ವೀಸಾ ವಿಷಯ ಸರಿಯಾಗಿ ಹೇಳಿದ್ದಾರೆ. ಮಾಲ್ಡೀವ್ಸ್ ಒಳಗೆ ಬರುವುದು ತುಂಬಾ ಸಲೀಸು. ಕಿರಿಕಿರಿ ಶುರುವಾಗುವುದು ಇಮಿಗ್ರೇಷನ್ ದಾಟಿ, ಬ್ಯಾಗ್ ಎತ್ತಿಕೊಂಡು, ಕಸ್ಟಮ್ಸ್‌ನ ಎಕ್ಸ್‌ರೇ ಬೆಲ್ಟಿನ ಮುಂದೆ ನಿಂತಾಗ. ಬೇರೆ ದೇಶಗಳಲ್ಲಿ ಹಸಿರು ದಾರಿ ಅಂತ ಸುಮ್ನೆ ನಡೆದು ಹೋಗುತ್ತೇವಲ್ಲ, ಮಾಲೆಯ ವೆಲಾನಾ ಏರ್‌ಪೋರ್ಟಿನಲ್ಲಿ ಹಾಗಿಲ್ಲ. ಎಲ್ಲರ ಎಲ್ಲಾ ಬ್ಯಾಗೂ ಯಂತ್ರದೊಳಗೆ ಹೋಗುತ್ತದೆ, ಕೈಚೀಲವೂ ಸೇರಿ.

ವಿಗ್ರಹದ ವಿಷಯ ನಿಜ ಅಕ್ಕ. ಪೂಜೆಗೆ ಬಳಸುವ ವಿಗ್ರಹ ತರಬಾರದು ಅಂತ ನಿಷೇಧದ ಪಟ್ಟಿಯಲ್ಲೇ ಇದೆ. ಇಲ್ಲಿ ಇಸ್ಲಾಂ ರಾಜಧರ್ಮ, ಬೇರೆ ಧರ್ಮದವರು ಹತ್ತು ಜನರ ಮುಂದೆ ಪೂಜೆ ಮಾಡುವ ಹಾಗಿಲ್ಲ, ದೇವಸ್ಥಾನ ಅಂತೂ ಇಲ್ಲವೇ ಇಲ್ಲ. ನಾವು ಇಲ್ಲಿರುವವರು ರೂಮಿನ ಬಾಗಿಲು ಹಾಕಿಕೊಂಡು ನಮ್ಮ ಪಾಡಿಗೆ ಕೈಮುಗಿಯುತ್ತೇವೆ, ಅದಕ್ಕೆ ಯಾರೂ ಬಂದು ಏನೂ ಕೇಳುವುದಿಲ್ಲ. ಆದರೆ ಬ್ಯಾಗಿನಲ್ಲಿ ಲೋಹದ ಗಣಪತಿ ಇದ್ದರೆ ಯಂತ್ರದ ಪರದೆಯ ಮೇಲೆ ಸೊಂಡಿಲು ಸಮೇತ ಕಾಣುತ್ತದೆ. ಹೋದ ವರ್ಷ ಊರಿಂದ ಬರುವಾಗ ನನ್ನ ಮುಂದೆಯೇ ಒಂದು ಗುಜರಾತಿ ಕುಟುಂಬ ನಿಂತಿತ್ತು. ಸೀರೆಯ ಮಡಿಕೆಯೊಳಗೆ ಸುತ್ತಿಟ್ಟ ಅಂಗೈ ಅಗಲದ ಹಿತ್ತಾಳೆ ಕೃಷ್ಣ. ಅಧಿಕಾರಿ ಹುಡುಗಿ ಗಲಾಟೆ ಏನೂ ಮಾಡಲಿಲ್ಲ, ಬಹಳ ಮರ್ಯಾದೆಯಿಂದಲೇ ಹೊರಗೆ ತೆಗೆದು, ಒಂದು ಪ್ಲಾಸ್ಟಿಕ್ ಕವರಿಗೆ ಹಾಕಿ, ಚೀಟಿ ಬರೆದು ಕೊಟ್ಟಳು. ಹಿಂದಿರುಗುವ ದಿನ ತೆಗೆದುಕೊಂಡು ಹೋಗಿ ಅಂದಳು. ಆ ಅಜ್ಜಿ ಮಾತ್ರ ಆ ಕವರನ್ನೇ ನೋಡುತ್ತಾ ನಿಂತುಬಿಟ್ಟರು, ಮೊಮ್ಮಗ ಕೈ ಹಿಡಿದು ಎಳೆದುಕೊಂಡು ಹೋಗಬೇಕಾಯಿತು.

ಅತ್ತೆಗೆ ಮೊದಲೇ ಹೇಳಿಬಿಡಿ. ಏರ್‌ಪೋರ್ಟಿನಲ್ಲಿ ದೇವರನ್ನು ಬಿಟ್ಟು ಬರುವುದಕ್ಕಿಂತ ಮನೆಯಲ್ಲಿ ದೇವರ ಗೂಡಿನಲ್ಲಿ ಬಿಟ್ಟು ಬರುವುದು ವಾಸಿ. ಫೋನಿನಲ್ಲಿ ಫೋಟೊ ಇಟ್ಟುಕೊಂಡರೆ ಯಾರೂ ಬೇಡ ಅನ್ನುವುದಿಲ್ಲ. ಕುಂಕುಮ, ತಾಳಿ, ಬಳೆ, ಇವಕ್ಕೆಲ್ಲ ಏನೂ ತೊಂದರೆ ಇಲ್ಲ.

ಮದ್ಯ ತರಬಾರದು. ಬೆಂಗಳೂರು ಡ್ಯೂಟಿ ಫ್ರೀಯಲ್ಲಿ ಸೀಲ್ ಮಾಡಿ ಕೊಟ್ಟ ಬಾಟಲಿಯೂ ಅಷ್ಟೇ, ಇಲ್ಲಿ ತೆಗೆದಿಟ್ಟುಕೊಂಡು ರಸೀದಿ ಕೊಡುತ್ತಾರೆ, ಹೋಗುವಾಗ ವಾಪಸ್. ಹಂದಿ ಮಾಂಸದ ಪದಾರ್ಥ ಬೇಡ. ಅಶ್ಲೀಲ ಚಿತ್ರ, ಪುಸ್ತಕ ಬೇಡ. ಮಾದಕ ವಸ್ತುವಿನ ಮಾತೇ ಬೇಡ, ಅದರಲ್ಲಿ ಸಿಕ್ಕಿಬಿದ್ದರೆ ರಾಯಭಾರ ಕಚೇರಿಯವರೂ ಜಾಸ್ತಿ ಏನೂ ಮಾಡೋಕೆ ಆಗುವುದಿಲ್ಲ. ಡ್ರೋನ್ ಇದ್ದರೆ ಮೊದಲೇ ಅನುಮತಿ ಬೇಕು, ಇಲ್ಲದಿದ್ದರೆ ಮನೆಯಲ್ಲೇ ಬಿಡಿ.

ಸುಮ್ನೆ ಬಂದೆ:

ದ್ವೀಪಕ್ಕೆ ಹೋಗಿ ಒಂದು ಬಿಯರ್ ಕೂಡ ಇಲ್ಲ ಅಂದ್ರೆ ಆ ಸಮುದ್ರ ನೋಡಿ ಏನು ಮಾಡೋದು ಗುರು, ಅದಕ್ಕೆ ಮಲ್ಪೆ ಸಾಕಲ್ಲ?

ಟಿಕೆಟ್ ಗುಬ್ಬಿ:

@ಸುಮ್ನೆ ಬಂದೆ, ತರಬಾರದು ಅಂದರೆ ಸಿಗುವುದಿಲ್ಲ ಅಂತಲ್ಲ. ರೆಸಾರ್ಟ್ ದ್ವೀಪಗಳಲ್ಲಿ ಧಾರಾಳವಾಗಿ ಸಿಗುತ್ತದೆ, ರೇಟ್ ನೋಡಿದ ಮೇಲೆ ನೀವೇ ಬೇಡ ಅನ್ನುತ್ತೀರಿ. ಜನ ವಾಸ ಮಾಡುವ ದ್ವೀಪಗಳಲ್ಲಿ, ಅಂದರೆ ಮಾಫುಶಿ, ಹುಲ್ಹುಮಾಲೆ ತರಹದ ಕಡೆ, ಇಲ್ಲ. ಮಾಫುಶಿಯಲ್ಲಿ ಉಳಿದವರು ದಡದಿಂದ ದೂರ ಲಂಗರು ಹಾಕಿರುವ ತೇಲುವ ಬಾರಿಗೆ ಸಣ್ಣ ದೋಣಿಯಲ್ಲಿ ಹೋಗಿ ಬರುತ್ತಾರೆ.

ಔಷಧಿ ಅಂಗಡಿ ಹುಬ್ಬಳ್ಳಿ:

ಬೆಣ್ಣೆದೋಸೆ ಅವರೇ, ಮಾತ್ರೆ ವಿಷಯವನ್ನು ಹಗುರವಾಗಿ ತಗೋಬೇಡಿ. ಬಿಪಿ, ಶುಗರ್ ಮಾತ್ರೆಗೆ ಚಿಂತೆ ಇಲ್ಲ. ಆದರೆ ನಿದ್ದೆ ಮಾತ್ರೆ, ಟ್ರಮಡಾಲ್ ಸೇರಿರುವ ನೋವಿನ ಮಾತ್ರೆ, ಕೊಡೀನ್ ಇರುವ ಕೆಮ್ಮಿನ ಸಿರಪ್, ಇವು ನಮ್ಮಲ್ಲಿ ಮನೆ ಮನೆಯಲ್ಲೂ ಇರುತ್ತವೆ, ಆದರೆ ಹೊರದೇಶದಲ್ಲಿ ನಿಯಂತ್ರಣದ ಔಷಧಿಗಳ ಲೆಕ್ಕಕ್ಕೆ ಬರುತ್ತವೆ. ಮಂಡಿನೋವಿಗೆ ಕೊಟ್ಟ ಮಾತ್ರೆಯ ಪಟ್ಟಿಯ ಹಿಂಭಾಗದಲ್ಲಿ ಸಣ್ಣ ಅಕ್ಷರದಲ್ಲಿ ಏನೇನು ಸೇರಿದೆ ಅಂತ ಬರೆದಿರುತ್ತದೆ, ಒಮ್ಮೆ ಓದಿ. ಟ್ರಮಡಾಲ್ ಇದ್ದರೆ ಡಾಕ್ಟರ ಹತ್ತಿರ ಹೋಗಿ ನಾಲ್ಕು ದಿನಕ್ಕೆ ಬೇರೆ ಏನಾದರೂ ಕೊಡಿ ಅಂತ ಕೇಳಿ. ನಿದ್ದೆ ಮಾತ್ರೆ ಬಿಡೋಕೆ ಆಗಲ್ಲ ಅಂದರೆ, ಡಾಕ್ಟರ ಲೆಟರ್‌ಹೆಡ್ ಮೇಲೆ ಇಂಗ್ಲಿಷಿನಲ್ಲಿ ಚೀಟಿ ಬರೆಸಿಕೊಳ್ಳಿ. ಹೆಸರು ಪಾಸ್‌ಪೋರ್ಟಿನಲ್ಲಿ ಇದ್ದ ಹಾಗೆಯೇ ಇರಲಿ, ಔಷಧಿಯ ಮೂಲ ಹೆಸರು ಇರಲಿ, ದಿನಕ್ಕೆ ಎಷ್ಟು ಅನ್ನುವುದೂ ಇರಲಿ. ಇರುವ ದಿನಗಳಿಗೆ ಬೇಕಾದಷ್ಟು ಮಾತ್ರ ಒಯ್ಯಿರಿ.

ನಮ್ಮ ಹಿರಿಯರಿಗೆ ಒಂದು ಅಭ್ಯಾಸ ಇದೆ, ಎಲ್ಲಾ ಮಾತ್ರೆ ಪಟ್ಟಿಯಿಂದ ಬಿಡಿಸಿ ಒಂದು ಸ್ಟೀಲ್ ಡಬ್ಬಿಗೆ ಸುರಿದುಕೊಳ್ಳುವುದು. ಬಿಳಿಯದು ಬೆಳಿಗ್ಗೆ, ಗುಲಾಬಿ ರಾತ್ರಿ ಅಂತ ಅವರಿಗೆ ಗೊತ್ತಿರುತ್ತದೆ, ಕಸ್ಟಮ್ಸ್‌ನವರಿಗೆ ಗೊತ್ತಿರುವುದಿಲ್ಲ. ಪಟ್ಟಿಯಲ್ಲೇ ಇರಲಿ, ಕೈಚೀಲದಲ್ಲೇ ಇರಲಿ.

ಮೈದುನನ ವಿಷಯ ಯಾರೂ ಹೇಳಲಿಲ್ಲ. ಕೀನ್ಯಾದಿಂದ ಬರುವವರು ಹಳದಿ ಜ್ವರದ ಲಸಿಕೆಯ ಕಾರ್ಡ್ ತೋರಿಸಬೇಕು, ಮಾಲ್ಡೀವ್ಸ್‌ನಲ್ಲೂ ಕೇಳುತ್ತಾರೆ. ಅದಕ್ಕಿಂತ ಮುಖ್ಯ ಬೆಂಗಳೂರು. ಹಳದಿ ಜ್ವರ ಇರುವ ದೇಶ ಬಿಟ್ಟ 6 ದಿನದೊಳಗೆ ಕಾರ್ಡ್ ಇಲ್ಲದೆ ಭಾರತಕ್ಕೆ ಬಂದರೆ ಪ್ರತ್ಯೇಕವಾಗಿ ಇರಿಸುತ್ತಾರೆ. ನಡುವೆ ಮಾಲ್ಡೀವ್ಸ್‌ನಲ್ಲಿ ನಾಲ್ಕು ರಾತ್ರಿ ಇದ್ದರೂ ಅವನು ಇನ್ನೂ ಆ 6 ದಿನದ ಒಳಗೇ ಇರುತ್ತಾನೆ, ಲೆಕ್ಕ ಹಾಕಿ ನೋಡಿ. ಅಲ್ಲಿಗೆ ಕೆಲಸಕ್ಕೆ ಹೋಗುವಾಗ ಲಸಿಕೆ ಹಾಕಿಸಿಕೊಂಡಿದ್ದರೆ ಅದೇ ಹಳದಿ ಕಾರ್ಡ್ ಸಾಕು, ಜೀವನಪೂರ್ತಿ ನಡೆಯುತ್ತದೆ. ಕಾರ್ಡ್ ಕಳೆದಿದ್ದರೆ ಈಗಲೇ ವ್ಯವಸ್ಥೆ ಮಾಡಿಕೊಳ್ಳಲಿ. ಹೊಸದಾಗಿ ಲಸಿಕೆ ಹಾಕಿಸಿದರೆ 10 ದಿನ ಆದ ಮೇಲೇ ಅದಕ್ಕೆ ಬೆಲೆ.

ಬಯಲುಸೀಮೆ ಬಸವ:

ಮೇಷ್ಟ್ರೇ, ಒಂದು ಪ್ರಶ್ನೆ. ನಮ್ಮ ಅಪ್ಪ ಕೊರಳಲ್ಲಿ ಇಷ್ಟಲಿಂಗ ಕಟ್ಟಿಕೊಂಡಿರುತ್ತಾರೆ, ಬೆಳ್ಳಿ ಕರಡಿಗೆಯಲ್ಲಿ. ದೀಕ್ಷೆ ಆದ ದಿನದಿಂದ ಮೈಮೇಲಿಂದ ತೆಗೆದವರಲ್ಲ. ನೀವು ಹೇಳಿದ್ದು ಓದಿ ಅವರನ್ನು ಕರೆದುಕೊಂಡು ಹೋಗೋದೇ ಬೇಡವೇನೋ ಅನ್ನಿಸಿತು. ವಿಗ್ರಹ ಅಂದರೆ ಇದೂ ಸೇರುತ್ತದಾ?

ಹುಲ್ಹುಮಾಲೆ ಮೇಷ್ಟ್ರು:

ಬಸವ ಅವರೇ, ನಿಯಮದಲ್ಲಿ ಇರುವುದು ಪೂಜೆಯ ವಿಗ್ರಹ ಅಂತ. ಮೈಮೇಲೆ ಧರಿಸಿರುವುದನ್ನು ಅದಕ್ಕೆ ಸೇರಿಸುವುದು ಬಿಡುವುದು ಎದುರಿಗೆ ನಿಂತ ಅಧಿಕಾರಿಯ ಕೈಯಲ್ಲಿದೆ. ಅಂಥದ್ದರಲ್ಲಿ ಅಂದಾಜಿನ ಮೇಲೆ ಅಪ್ಪನನ್ನು ಕರೆತರಬೇಡಿ. ಮಾಲ್ಡೀವ್ಸ್ ಕಸ್ಟಮ್ಸ್‌ಗೆ ಮೊದಲೇ ಈಮೇಲ್ ಬರೆಯಿರಿ. ಏನು, ಎಷ್ಟು ದೊಡ್ಡದು, ಯಾಕೆ ತೆಗೆಯುವುದಿಲ್ಲ ಅಂತ ನಾಲ್ಕು ಸಾಲು, ಜೊತೆಗೆ ಕರಡಿಗೆಯ ಒಂದು ಫೋಟೊ. ಬಂದ ಉತ್ತರದ ಪ್ರಿಂಟ್ ಜೇಬಿನಲ್ಲಿ ಇರಲಿ. ಉತ್ತರ "ಇಲ್ಲ" ಅಂತ ಬಂದರೆ ಅಪ್ಪನನ್ನು ಆ ಸಂಕಟಕ್ಕೆ ಒಡ್ಡಬೇಡಿ, ಮಾರಿಷಸ್‌ಗೆ ಕರೆದುಕೊಂಡು ಹೋಗಿ. ಅಲ್ಲೂ ನೀಲಿ ಸಮುದ್ರವೇ, ಭಾರತದವರಿಗೆ ಮುಂಚೆ ವೀಸಾ ಮಾಡಿಸುವ ತಾಪತ್ರಯ ಇಲ್ಲ, ಜೊತೆಗೆ ಗಂಗಾ ತಲಾವ್ ಅಂತ ದೊಡ್ಡ ಶಿವಕ್ಷೇತ್ರವೇ ಇದೆ. ದುಡ್ಡು ಕೊಟ್ಟು ಹೋಗುವ ಜಾಗದಲ್ಲಿ ಹಿರಿಯರು ನಾಲ್ಕು ದಿನ ಮುಖ ಸಣ್ಣ ಮಾಡಿಕೊಂಡು ಕೂತರೆ ಯಾರಿಗೆ ಸುಖ?

ಮಲೆನಾಡ ಮಳೆ:

ನನಗೆ ಈ ನಿಯಮ ಓದಿದರೆ ಸಿಟ್ಟೇ ಬರುತ್ತದೆ, ನಿಜ ಹೇಳಬೇಕು ಅಂದರೆ. ನಮ್ಮ ದುಡ್ಡು ಬೇಕು, ನಮ್ಮ ಅಜ್ಜಿಯ ಅಂಗೈ ಅಗಲದ ಗಣಪತಿ ಬೇಡ.

ಹುಲ್ಹುಮಾಲೆ ಮೇಷ್ಟ್ರು:

ಸಿಟ್ಟು ಬರುವುದು ಸಹಜ ಮಳೆಯವರೇ. ನನಗೂ ಇಲ್ಲಿಗೆ ಬಂದ ಹೊಸತರಲ್ಲಿ ಬರುತ್ತಿತ್ತು. ಆದರೆ ಅವರ ದೇಶ, ಅವರ ಕಾನೂನು. ಒಪ್ಪಿಗೆ ಇಲ್ಲದಿದ್ದರೆ ಬೇರೆ ಸಮುದ್ರಕ್ಕೆ ಹೋಗಬಹುದು. ಎಕ್ಸ್‌ರೇ ಬೆಲ್ಟಿನ ಮುಂದೆ ಹೋರಾಟ ಮಾಡಿ ಗೆದ್ದವರನ್ನು ಮಾತ್ರ ನಾನು ನೋಡಿಲ್ಲ.

ಬೆಣ್ಣೆದೋಸೆ ದಾವಣಗೆರೆ:

ಎಲ್ಲರಿಗೂ ಥ್ಯಾಂಕ್ಸ್. ಏಜೆಂಟ್‌ಗೆ ಬೇಡ ಅಂದೆ. ಮೈದುನನ ಹಳದಿ ಕಾರ್ಡ್ ಇದೆಯಂತೆ, ಬಚಾವ್. ಅತ್ತೆಗೆ ಯಜಮಾನರ ಕೈಯಲ್ಲೇ ಹೇಳಿಸಿದೆ. ಮೊದಲು ಅರ್ಧ ಗಂಟೆ ಮಾತಾಡಲಿಲ್ಲ, ಆಮೇಲೆ "ಪಕ್ಕದ ಮನೆಯವಳು ಬಂದು ದೀಪ ಹಚ್ಚುತ್ತಾಳಾ ಕೇಳು" ಅಂದರು. ಅಂದರೆ ಒಪ್ಪಿದ ಹಾಗೆ.

ಈಗ ಊಟದ ವಿಷಯ. ಅವರು ಶುದ್ಧ ಸಸ್ಯಾಹಾರಿ. ಚಕ್ಕುಲಿ, ಚಟ್ನಿಪುಡಿ, ಉಪ್ಪಿನಕಾಯಿ, ಮಂಡಕ್ಕಿ ಒಯ್ಯಬಹುದಾ? ಗಸಗಸೆ ಇದ್ದರೆ ಜೈಲು ಅಂತ ಯಾರೋ ಹೆದರಿಸಿದರು. ಮತ್ತೆ ಮೈದುನ ವೇಪ್, ಅಂದರೆ ಇ-ಸಿಗರೇಟ್ ಸೇದುತ್ತಾನೆ (ಅತ್ತೆಗೆ ಗೊತ್ತಿಲ್ಲ!). ಮತ್ತೆ ಬುಕ್ಕಿಂಗ್‌ನಲ್ಲಿ ಗ್ರೀನ್ ಟ್ಯಾಕ್ಸ್ ಬೇರೆ ಅಂತ ಬರೆದಿದೆ, ಅದೇನು?

ಟಿಕೆಟ್ ಗುಬ್ಬಿ:

ವೇಪ್ ಮೊದಲು. ನೈರೋಬಿಯಲ್ಲೇ ಬಿಟ್ಟು ಬರಲಿ. ಮಾಲ್ಡೀವ್ಸ್‌ಗೆ ತರುವುದನ್ನು 2024ರ ನವೆಂಬರ್ 15ರಿಂದ ನಿಷೇಧ ಮಾಡಿದ್ದಾರೆ, ಡಿಸೆಂಬರ್ 15ರಿಂದ ಇಟ್ಟುಕೊಳ್ಳುವುದೂ ಸೇದುವುದೂ ಇಲ್ಲ. ಸೇದಿ ಸಿಕ್ಕಿಬಿದ್ದರೆ 5,000 ರುಫಿಯಾ ದಂಡ, ಪ್ರವಾಸಿ ಅಂತ ರಿಯಾಯಿತಿ ಇಲ್ಲ. ಅಲ್ಲಿಂದ ಬೆಂಗಳೂರಿಗೆ ತಂದರೂ ಅದೇ ಕಥೆ, ಇ-ಸಿಗರೇಟನ್ನು ನಾವು 2019ರಲ್ಲೇ ನಿಷೇಧಿಸಿದ್ದೇವೆ. ಸಾದಾ ಸಿಗರೇಟಿನಲ್ಲೂ ಈಗ ಒಂದು ಹೊಸದು ಬಂದಿದೆ. 2007ರ ಜನವರಿ 1 ಮತ್ತು ಅದರ ನಂತರ ಹುಟ್ಟಿದವರು ತಂಬಾಕು ಕೊಳ್ಳುವ ಹಾಗೂ ಇಲ್ಲ, ಸೇದುವ ಹಾಗೂ ಇಲ್ಲ. 2025ರ ನವೆಂಬರ್ 1ರಿಂದ ಜಾರಿ, ಹೊರಗಿನಿಂದ ಬಂದವರಿಗೂ ಸೇರಿ. ಕಾಲೇಜು ಹುಡುಗರ ಗುಂಪು ಕಳಿಸುವಾಗ ಇದನ್ನು ಈಗ ನಾನು ಫೋನಿನಲ್ಲೇ ಹೇಳಿಬಿಡುತ್ತೇನೆ.

ಗ್ರೀನ್ ಟ್ಯಾಕ್ಸ್ ಅಂದರೆ ತಲೆಗೆ, ದಿನಕ್ಕೆ ಇಷ್ಟು ಅಂತ ಅಲ್ಲಿಯ ಸರ್ಕಾರಕ್ಕೆ ಹೋಗುವ ದುಡ್ಡು. 2025ರ ಜನವರಿಯಿಂದ ಎರಡು ಪಟ್ಟು ಆಗಿದೆ. ರೆಸಾರ್ಟ್‌ನಲ್ಲಿ 12 ಡಾಲರ್, ಜನ ವಾಸಿಸುವ ದ್ವೀಪದಲ್ಲಿ ಕಡಿಮೆ ಕೋಣೆ ಇರುವ ಸಣ್ಣ ಗೆಸ್ಟ್‌ಹೌಸ್‌ನಲ್ಲಿ 6 ಡಾಲರ್. ಎರಡು ವರ್ಷದ ಒಳಗಿನ ಮಗುವಿಗೆ ಇಲ್ಲ, ನಿಮ್ಮ ಮಗಳಿಗೆ ಆರು, ಅವಳಿಗೂ ಇದೆ. ಅಂದರೆ ನಿಮ್ಮ ಐದು ಜನಕ್ಕೆ ನಾಲ್ಕು ದಿನಕ್ಕೆ ಗೆಸ್ಟ್‌ಹೌಸ್ ಆದರೆ 120 ಡಾಲರ್, ರೆಸಾರ್ಟ್ ಆದರೆ 240.

ಇದಕ್ಕಿಂತ ದೊಡ್ಡ ಹೊಡೆತ ಬೆಲೆಯ ಪಕ್ಕದಲ್ಲಿ ಇರುವ ಎರಡು ಕೂಡಿಸುವ ಚಿಹ್ನೆ. ಮೆನು, ರೇಟ್ ಕಾರ್ಡಿನಲ್ಲಿ 100++ ಅಂತ ಇದ್ದರೆ ಮೊದಲು 10 ಶೇಕಡ ಸರ್ವಿಸ್ ಚಾರ್ಜ್, ಅದರ ಮೇಲೆ 17 ಶೇಕಡ ಪ್ರವಾಸೋದ್ಯಮದ ಜಿಎಸ್‌ಟಿ. 2025ರ ಜುಲೈವರೆಗೆ ಇದು 16 ಇತ್ತು. 100 ಡಾಲರಿನ ಊಟ ಬಿಲ್ಲಿನಲ್ಲಿ 128 ಡಾಲರ್ 70 ಸೆಂಟ್ಸ್ ಆಗಿ ಬರುತ್ತದೆ. ಬುಕ್ ಮಾಡುವಾಗ "ಎಲ್ಲಾ ತೆರಿಗೆ ಸೇರಿ ಎಷ್ಟು, ದೋಣಿ ಸೇರಿದೆಯಾ" ಅಂತ ಬರಹದಲ್ಲಿ ಕೇಳಿ. ಇವೆಲ್ಲ ಬಿಟ್ಟು ವಾಪಸ್ ಹೊರಡುವಾಗ ಎಕಾನಮಿಯವರಿಗೆ 50 ಡಾಲರ್ ನಿರ್ಗಮನ ತೆರಿಗೆ ಇದೆ, ಅದು ಟಿಕೆಟ್‌ನಲ್ಲೇ ಸೇರಿರುತ್ತದೆ, ಏರ್‌ಪೋರ್ಟಿನಲ್ಲಿ ಬೇರೆ ಕೊಡಬೇಕಿಲ್ಲ.

ಹುಲ್ಹುಮಾಲೆ ಮೇಷ್ಟ್ರು:

ಗಸಗಸೆ ಕಥೆ ದುಬೈ, ಸೌದಿ ಕಡೆಯದು, ಅದು ಅಲ್ಲಿಂದ ಎಲ್ಲಾ ಕಡೆ ಹರಡಿಬಿಟ್ಟಿದೆ. ಆದರೂ ನಾಲ್ಕು ದಿನಕ್ಕೆ ಗಸಗಸೆ ಪಾಯಸ ಯಾರು ಮಾಡುತ್ತಾರೆ ಅಕ್ಕ, ಬಿಡಿ ಅತ್ಲಾಗೆ. ಚಕ್ಕುಲಿ, ಕೋಡುಬಳೆ, ಚಟ್ನಿಪುಡಿಗೆ ಯಾರೂ ತಕರಾರು ಮಾಡಿದ್ದನ್ನು ನಾನು ನೋಡಿಲ್ಲ, ಪ್ರತಿ ಸಲ ಊರಿಂದ ನಾನೇ ಹೊತ್ತು ತರುತ್ತೇನೆ. ಉಪ್ಪಿನಕಾಯಿ ಚೆಕ್‌ಇನ್ ಬ್ಯಾಗಿನಲ್ಲಿ ಹಾಕಿ, ಕೈಚೀಲದಲ್ಲಿದ್ದರೆ ಬೆಂಗಳೂರಿನಲ್ಲೇ ಸೆಕ್ಯುರಿಟಿಯವರು ತೆಗೆಸುತ್ತಾರೆ. ಗಿಡ, ಬೀಜ, ಮಣ್ಣು ಬೇಡ, ಅವಕ್ಕೆ ಅನುಮತಿ ಬೇಕು.

ಸಸ್ಯಾಹಾರಿಗಳಿಗೆ ಸಣ್ಣ ದ್ವೀಪಗಳಲ್ಲಿ ಕಷ್ಟವೇ. ಬೆಳಗಿನ ತಿಂಡಿಗೆ ಮಾಸ್ ಹುನಿ ಅಂತ ಕೊಡುತ್ತಾರೆ, ನೋಡೋಕೆ ಕಾಯಿತುರಿ ಪಲ್ಯದ ಹಾಗೆ ಇರುತ್ತದೆ, ಅದರೊಳಗೆ ಪೂರ್ತಿ ಟ್ಯೂನಾ ಮೀನು. ಅತ್ತೆಯ ತಟ್ಟೆಗೆ ಬೀಳುವ ಮೊದಲು ಕೇಳಿ ನೋಡಿ. ಗೆಸ್ಟ್‌ಹೌಸ್‌ಗೆ ಮೊದಲೇ ಹೇಳಿದರೆ ಬೇಳೆಸಾರು, ಅನ್ನ, ರೊಟ್ಟಿ ಮಾಡಿಕೊಡುತ್ತಾರೆ. ರೆಡಿ ಉಪ್ಪಿಟ್ಟು, ಅವಲಕ್ಕಿ ಪ್ಯಾಕೆಟ್ ನಾಲ್ಕು ಇಟ್ಟುಕೊಳ್ಳಿ, ಬಿಸಿನೀರಿನ ಕೆಟಲ್ ಕೋಣೆಯಲ್ಲಿ ಇರುತ್ತದಾ ಕೇಳಿಕೊಳ್ಳಿ. ಪ್ಲಗ್ ಇಂಗ್ಲೆಂಡಿನ ತರಹದ ಚೌಕ ಮೂರು ಕಡ್ಡಿಯದು.

ರಂಜಾನ್ ಇದ್ದಾಗ ಬರುವವರಿಗೆ ಮಾತ್ರ ಒಂದು ಮಾತು. ಜನ ವಾಸಿಸುವ ದ್ವೀಪಗಳಲ್ಲಿ ಹಗಲು ಹೋಟೆಲ್ ಮುಚ್ಚಿರುತ್ತದೆ, ಬೀದಿಯಲ್ಲಿ ನೀರು ಕುಡಿಯುವುದೂ ಸರಿ ಅಲ್ಲ. ರೆಸಾರ್ಟ್‌ನಲ್ಲಿ ಆ ಯೋಚನೆ ಇಲ್ಲ. ಬಟ್ಟೆಯೂ ಹಾಗೇ. ಬಿಕಿನಿ ಬೀಚ್ ಅಂತ ಬೋರ್ಡ್ ಹಾಕಿರುವ ಕಡೆ ಏನಾದರೂ ಹಾಕಿಕೊಳ್ಳಿ, ಊರೊಳಗೆ ನಡೆಯುವಾಗ ಭುಜ, ಮಂಡಿ ಮುಚ್ಚಿರಲಿ.

ಕಾರವಾರ ಕಡಲು:

ಚಿಪ್ಪಿನ ವಿಷಯ ಯಾರೂ ಹೇಳಲಿಲ್ಲ! ಮಕ್ಕಳನ್ನು ಕರೆದುಕೊಂಡು ಹೋಗುವವರು ಇದನ್ನೇ ಮೊದಲು ಓದಬೇಕು. ಹವಳದ ತುಂಡು, ಆಮೆಚಿಪ್ಪಿನಿಂದ ಮಾಡಿದ ಏನಾದರೂ, ದೊಡ್ಡ ಕಪ್ಪೆಚಿಪ್ಪು, ಇವನ್ನು ದೇಶದಿಂದ ಹೊರಗೆ ಒಯ್ಯುವ ಹಾಗಿಲ್ಲ. ದಡದಲ್ಲಿ ಸತ್ತು ಬಿದ್ದ ಬಿಳಿ ಹವಳದ ಚೂರೂ ಹವಳವೇ. ಹೊರಡುವಾಗಲೂ ಬ್ಯಾಗ್ ಸ್ಕ್ಯಾನ್ ಆಗುತ್ತದೆ. ನಮ್ಮ ಹುಡುಗ ನೀರಿನ ಬಾಟಲಿಯಲ್ಲಿ ಮರಳು, ಅದರೊಳಗೆ ಬೆರಳುದ್ದದ ಹವಳ ತುಂಬಿಕೊಂಡು ಯಾರಿಗೂ ಹೇಳದೆ ತನ್ನ ಶಾಲೆ ಬ್ಯಾಗಿನಲ್ಲಿ ಇಟ್ಟುಕೊಂಡಿದ್ದ. ಅವರು ದಂಡ ಹಾಕಲಿಲ್ಲ, ಬಾಟಲಿ ತೆಗೆದಿಟ್ಟುಕೊಂಡರು, ಆದರೆ ಹುಡುಗ ಬೆಂಗಳೂರು ಬರುವ ತನಕ ಅತ್ತ. ಅಲ್ಲೇ ಫೋಟೊ ತೆಗೆದು ಅಲ್ಲೇ ಬಿಟ್ಟು ಬನ್ನಿ.

ಅತ್ತೆ ಮೈತುಂಬಾ ಬಂಗಾರ ಹಾಕಿಕೊಂಡು ಬರುವವರಾದರೆ, ಹೊರಡುವಾಗ ನಮ್ಮ ಕಸ್ಟಮ್ಸ್‌ನವರಿಂದಲೇ ರಫ್ತು ಪ್ರಮಾಣಪತ್ರ ಬರೆಸಿಕೊಳ್ಳಬಹುದು. ಆಗ ವಾಪಸ್ ಬರುವಾಗ ಇದು ಅಲ್ಲಿ ಕೊಂಡದ್ದಾ ಅಂತ ಕೇಳುವುದಿಲ್ಲ. ಒಂದು ಸರ, ಎರಡು ಬಳೆಗೆಲ್ಲ ಅದು ಬೇಡ. ಒಳ್ಳೆಯದನ್ನು ಲಾಕರಿನಲ್ಲಿ ಇಟ್ಟು ಬನ್ನಿ ಅನ್ನುವುದು ನನ್ನ ಅಭಿಪ್ರಾಯ, ಉಪ್ಪು ನೀರಿಗೆ ಬಂಗಾರ ಯಾಕೆ.

ಸುಮ್ನೆ ಬಂದೆ:

ದುಡ್ಡು ಹೇಗೆ ಒಯ್ಯೋದು? ನಮ್ಮ ರೂಪಾಯಿ ನಡೆಯುತ್ತಾ?

ಟಿಕೆಟ್ ಗುಬ್ಬಿ:

ಡಾಲರ್ ಒಯ್ಯಿರಿ. ನಗದಾಗಿ ಒಂದು ಪ್ರಯಾಣಕ್ಕೆ 3,000 ಡಾಲರ್‌ವರೆಗೆ ಕೊಡುತ್ತಾರೆ, ಪಾಸ್‌ಪೋರ್ಟ್, ಟಿಕೆಟ್ ತೋರಿಸಿ ಅಧಿಕೃತ ವಿನಿಮಯದವರ ಹತ್ತಿರವೇ ತಗೊಳ್ಳಿ. ಭಾರತದ ನೋಟು 25,000 ರೂಪಾಯಿಯವರೆಗೆ ಜೊತೆಗೆ ಇರಬಹುದು, ಅದು ವಾಪಸ್ ಬಂದು ಟ್ಯಾಕ್ಸಿಗೆ. ಅಲ್ಲಿಯ ದುಡ್ಡು ರುಫಿಯಾ, ಡಾಲರಿಗೆ 15.42ರ ಆಸುಪಾಸು. ಅಂಗಡಿ, ಟ್ಯಾಕ್ಸಿಗೆ ಸ್ವಲ್ಪ ರುಫಿಯಾ ಇದ್ದರೆ ಒಳ್ಳೆಯದು. ಗೆಸ್ಟ್‌ಹೌಸ್, ದೋಣಿ ಎಲ್ಲ ಡಾಲರ್ ಅಥವಾ ಕಾರ್ಡ್. ಹರಿದ, ಬರೆದ, ಹಳೆಯ ನೋಟು ಮುಟ್ಟುವುದಿಲ್ಲ, ಕೊಳ್ಳುವಾಗಲೇ ನೋಡಿಕೊಳ್ಳಿ. ಇಮಿಗ್ರೇಷನ್‌ನಲ್ಲಿ ಕೋಣೆ ಬುಕ್ಕಿಂಗ್, ವಾಪಸ್ ಟಿಕೆಟ್, ಖರ್ಚಿಗೆ ದುಡ್ಡು ಇದೆಯಾ ಅಂತ ಕೇಳಬಹುದು. ಒಬ್ಬರೇ ಹೋಗುವ ಹುಡುಗರನ್ನು ಜಾಸ್ತಿ ಕೇಳುತ್ತಾರೆ. ಬುಕ್ಕಿಂಗ್ ಪ್ರಿಂಟ್ ಎಲ್ಲರ ಹತ್ತಿರವೂ ಒಂದೊಂದು ಇರಲಿ, ಮೈದುನನ ಹತ್ತಿರವೂ, ಅವನು ಬೇರೆ ವಿಮಾನದಲ್ಲಿ ಇಳಿಯುತ್ತಾನಲ್ಲ.

ಬೆಣ್ಣೆದೋಸೆ ದಾವಣಗೆರೆ:

ಕೊನೆಯದೊಂದು. ನಮ್ಮ ವಿಮಾನ ಇಳಿಯುವುದು ಶುಕ್ರವಾರ ಸಂಜೆ. ಎರಡು ಆಯ್ಕೆ ಇಟ್ಟುಕೊಂಡಿದ್ದೇವೆ, ಒಂದು ದೂರದ ರೆಸಾರ್ಟ್, ಸೀಪ್ಲೇನಿನಲ್ಲಿ ಹೋಗೋದು, ಇನ್ನೊಂದು ಮಾಫುಶಿ. ಅತ್ತೆಗೆ ಮಂಡಿನೋವು ಇರೋದರಿಂದ ಯಾವುದು ವಾಸಿ?

ಹುಲ್ಹುಮಾಲೆ ಮೇಷ್ಟ್ರು:

ಸಂಜೆ ಇಳಿದರೆ ಸೀಪ್ಲೇನ್ ಮರೆತುಬಿಡಿ. ಅದು ಹಗಲು ಬೆಳಕಿನಲ್ಲಿ ಮಾತ್ರ ಹಾರುತ್ತದೆ. ಮಧ್ಯಾಹ್ನ ಮೂರೂವರೆ ದಾಟಿ ಇಳಿದವರು ಸಾಮಾನ್ಯವಾಗಿ ಆ ರಾತ್ರಿ ಹುಲ್ಹುಮಾಲೆಯಲ್ಲೇ ಕಳೆಯಬೇಕು, ಅದೊಂದು ದಂಡದ ರೂಮ್ ಬಾಡಿಗೆ. ಸಾಮಾನೂ 20 ಕೆಜಿ ಬ್ಯಾಗ್, 5 ಕೆಜಿ ಕೈಚೀಲ ಅಂತ ಕಟ್ಟುನಿಟ್ಟು, ನಿಮ್ಮ ಮಂಡಕ್ಕಿ ಹಗುರ ಆದರೂ ಉಪ್ಪಿನಕಾಯಿ ಭರಣಿ ಅಲ್ಲ.

ಮಾಫುಶಿ ಒಳ್ಳೆಯದು. ಸರ್ಕಾರಿ ದೋಣಿ ಅಗ್ಗ, ಆದರೆ ಶುಕ್ರವಾರ ಅದಕ್ಕೆ ರಜೆ. ಖಾಸಗಿ ಸ್ಪೀಡ್‌ಬೋಟ್ ಶುಕ್ರವಾರ ಸಂಜೆಯೂ ಇರುತ್ತದೆ, ಅರ್ಧ ಮುಕ್ಕಾಲು ಗಂಟೆ ದಾರಿ. ಗೆಸ್ಟ್‌ಹೌಸ್‌ನವರಿಗೇ ವಿಮಾನದ ನಂಬರ್ ಕಳಿಸಿ ಸೀಟ್ ಹಿಡಿಸಿ, ಏರ್‌ಪೋರ್ಟಿನ ಹೊರಗೇ ಜೆಟ್ಟಿ, ಹೆಸರಿನ ಬೋರ್ಡ್ ಹಿಡಿದು ನಿಂತಿರುತ್ತಾರೆ. ಕೊನೆಯ ದೋಣಿ ಎಷ್ಟು ಗಂಟೆಗೆ ಅಂತ ಮಾತ್ರ ಖಚಿತ ಮಾಡಿಕೊಳ್ಳಿ, ವಿಮಾನ ತಡ ಆದರೆ ಏನು ಮಾಡುತ್ತೀರಿ ಅಂತಲೂ ಕೇಳಿ. ಅತ್ತೆಯನ್ನು ದೋಣಿಯ ಹಿಂಭಾಗದಲ್ಲಿ ಕೂರಿಸಿ, ಮುಂದೆ ಕೂತರೆ ಅಲೆಗೆ ಎತ್ತಿ ಎತ್ತಿ ಹಾಕುತ್ತದೆ. ದೋಣಿ ಹತ್ತುವಾಗ ಇಳಿಯುವಾಗ ಹುಡುಗರೇ ಕೈ ಹಿಡಿಯುತ್ತಾರೆ, ಚಪ್ಪಲಿ ಮಾತ್ರ ಜಾರದಂಥದ್ದು ಇರಲಿ.